ಗುಲಗಂಜಿಯ ತೂಕ

ಈ ಪುಟದಲ್ಲಿ ಶಾಲೆಯ ಬಾವಿ, ಸೋರುವ ಮಾಡು, ತಡವಾಗಿ ಬರುವ ಕನ್ನಡ ಪಠ್ಯಪುಸ್ತಕ, ಗಡಿಯೀಚೆಗಿನ ನಮ್ಮ ಮಕ್ಕಳ ಓದು ಬರಹ ಇಂಥವನ್ನೇ ಓದಿ ಅಭ್ಯಾಸವಾದ ವಾಚಕ ಬಂಧುಗಳಿಗೆ ಈ ತಿಂಗಳ ವಸ್ತು ವಿಚಿತ್ರವೆಂದು ತೋರೀತು. ಬಂದೂಕಿನ ತೋಟೆಗೂ ಕನ್ನಡ ಶಾಲೆಯ ಹೆಡ್‌ಮಾಸ್ತರನಿಗೂ ಏನು ನಂಟು ಎಂದು ಹುಬ್ಬೇರಿಸುವವರು ತುಸು ತಾಳ್ಮೆ ವಹಿಸಬೇಕೆಂದು ಬೇಡುತ್ತೇನೆ. ನಂಟು ಇದೆ. ಅದನ್ನು ಹೇಳಿಕೊಳ್ಳಲು ನನಗೆ ಅಷ್ಟೇನೂ ಹೆಮ್ಮೆಯಿಲ್ಲ.

ಕಳೆದ ಬೇಸಗೆಯ ರಜೆಯಲ್ಲಿ ನಾನು ಅಕ್ಕನೊಡನೆ ಅಮೆರಿಕದ ಒಹಾಯೊ ರಾಜ್ಯಕ್ಕೆ ಹೋಗಿಬಂದೆ. ಅಕ್ಕನ ಮಗ ಅಲ್ಲಿ ನೆಲೆಸಿ ಇಪ್ಪತ್ತು ವರ್ಷ ಸಂದಿತು. ಅಲ್ಲಿಯ ಪೌರತ್ವವನ್ನೂ ಪಡೆದಿದ್ದಾನೆ. ಯಂತ್ರದ ಬಿಡಿಭಾಗಗಳು ಅಳತೆಗೆ ಸರಿಯಾಗಿವೆಯೇ ಎಂದು ತಪಾಸಣೆ ಮಾಡುವುದು ಅವನ ಉದ್ಯೋಗ. ಅಕ್ಕನಿಗೆ ಕನ್ನಡ, ತಮಿಳು ಬಿಟ್ಟು ಬೇರೆ ಮಾತು ಬಾರದು. ಒಬ್ಬಳೇ ವಿಮಾನವೇರಲು ಅಂಜಿದಳು. ಹೀಗಾಗಿ ನನಗೂ ಆ ದೇಶವನ್ನು ನೋಡುವ ಯೋಗ ಕೂಡಿಬಂತು. ಈ ಸೋದರಳಿಯ ತಾಳವಾಡಿ ಫಿರ್ಕಾದ ನಮ್ಮ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಕಲಿತವನು. ಆಗ ನಾನು ಶಿಕ್ಷಕ ತರಬೇತಿ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಮನೆಯಲ್ಲಿ ಸೋದರಮಾವ, ಶಾಲೆಯಲ್ಲಿ ಮೇಷ್ಟ್ರು. ಪಾಪ, ಆ ಹುಡುಗನಿಗೆ ಎರಡು ಕಡೆಯೂ ನಾನೇ.

ಹೋದ ಮೂರನೆಯ ದಿನ ಅವನು ನಮ್ಮನ್ನು ಮನೆಯ ಪಕ್ಕದ ಕಾರಿನ ಕೊಟ್ಟಿಗೆಗೆ ಕರೆದೊಯ್ದ. ಒಂದು ಗಟ್ಟಿ ಮರದ ಮೇಜು. ಅದರ ಅಂಚಿಗೆ ಬಿಗಿದ ಕಬ್ಬಿಣದ ಯಂತ್ರ, ಯಂತ್ರಕ್ಕೊಂದು ಉದ್ದನೆಯ ಹಿಡಿ. ಹಿಡಿಯನ್ನು ಕೆಳಕ್ಕೆ ಒತ್ತಿದರೆ ಒಳಗಿನಿಂದ ಒಂದು ದಿಂಡು ಮೇಲಕ್ಕೇರುತ್ತದೆ. ಅಕ್ಕ ಅದನ್ನು ಕಂಡದ್ದೇ ತಡ, "ಇದೇನೋ ಮಗ, ಶಾವಿಗೆ ಒರಳು ತಂದಿಟ್ಟುಕೊಂಡಿದ್ದೀಯಲ್ಲ! ಊರಿನದಕ್ಕಿಂತ ಗಟ್ಟಿಯಾಗಿದೆ" ಎಂದಳು. ಅವನು ನಕ್ಕು, "ಶಾವಿಗೆ ಅಲ್ಲಮ್ಮ, ತೋಟೆ ಕಟ್ಟುವುದು" ಎಂದ. ಅಕ್ಕನ ನಗು ಅಲ್ಲಿಗೇ ನಿಂತಿತು.

ನಮ್ಮ ಕಾಡಂಚಿನ ಹಳ್ಳಿಗಳ ಹಿರಿಯರಿಗೆ ಕೇಪಿನ ಕೋವಿ ಗೊತ್ತು. ಹೊಲಕ್ಕೆ ಹಂದಿ ನುಗ್ಗದಂತೆ ಪರವಾನಗಿ ಪಡೆದು ಇಟ್ಟುಕೊಳ್ಳುತ್ತಿದ್ದ ಕೋವಿ ಅದು. ನಳಿಗೆಯ ಬಾಯಿಂದ ಮದ್ದು ಸುರಿದು, ಗಜದಿಂದ ಜಡಿದು, ಗುಂಡು ಇಳಿಸಿ, ಹಿಂಬದಿಯ ಮೊಲೆಗೆ ಕೇಪು ಸಿಕ್ಕಿಸಿ ಹಾರಿಸಬೇಕು. ಅಲ್ಲಿ ಕೋವಿ ಹಿಡಿದವನೇ ಮದ್ದು ಅಳೆಯುವವನು. ತೋಟೆ ಎಂಬುದು ಬಂದಮೇಲೆ ಈ ನಾಲ್ಕೂ ಒಂದು ಹಿತ್ತಾಳೆಯ ಕೊಳವೆಯಲ್ಲಿ ಒಂದಾದವು: ಬುಡದಲ್ಲಿ ಕೇಪು, ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು, ಎಲ್ಲವನ್ನೂ ಹಿಡಿದಿಡುವ ಕೊಳವೆ. ಹಾರಿಸಿದಾಗ ಕೇಪು ಸಿಡಿಯುತ್ತದೆ, ಮದ್ದು ಉರಿಯುತ್ತದೆ, ಗುಂಡು ಹೋಗುತ್ತದೆ. ಕೊಳವೆ ಮಾತ್ರ ಉಳಿಯುತ್ತದೆ. ನಾಲ್ಕರಲ್ಲಿ ಬೆಲೆಬಾಳುವುದೂ ಅದೇ. ಉಳಿದ ಕೊಳವೆಯನ್ನು ತಿದ್ದಿ, ಮತ್ತೆ ಕೇಪು, ಮದ್ದು, ಗುಂಡು ತುಂಬಿ ಬಳಸುವುದೇ ನನ್ನ ಸೋದರಳಿಯನ ಹವ್ಯಾಸ. ಅಮೆರಿಕದಲ್ಲಿ ಇದಕ್ಕೆ ಅಡ್ಡಿಯಿಲ್ಲ, ಅನೇಕರು ಮಾಡುತ್ತಾರೆ. ನಮ್ಮಲ್ಲಿ ಹಾಗಲ್ಲ. 1959ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ತೋಟೆ ಇಟ್ಟುಕೊಳ್ಳುವುದೂ ಅಪರಾಧ, ತಯಾರಿಸುವುದೂ ಅಪರಾಧ. ಆದ್ದರಿಂದ ಇದನ್ನು ಓದಿ ಯಾರೂ ಮೇಜು ಬಿಗಿಯಲು ಹೊರಡಬಾರದು.

ಅವನ ಬಳಿ ಇರುವುದು ಒಂದೇ ಬಂದೂಕು: ಎಂ-1 ಗ್ಯಾರಂಡ್. ಅದನ್ನು ರೂಪಿಸಿದ ಜಾನ್ ಗ್ಯಾರಂಡ್ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 1888ರಲ್ಲಿ ಹುಟ್ಟಿದವನು. ಬಾಲ್ಯದಲ್ಲೇ ಅಮೆರಿಕಕ್ಕೆ ಬಂದು, ಬಟ್ಟೆ ಗಿರಣಿಯಲ್ಲಿ ಕೆಲಸಕ್ಕೆ ಸೇರಿ, ಯಂತ್ರಗಳ ನಡುವೆಯೇ ವಿದ್ಯೆ ಕಲಿತ. 1919ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರವನ್ನು ಸೇರಿ, ಹದಿನಾರು ಹದಿನೇಳು ವರ್ಷ ಒಂದೇ ಸಮನೆ ತಿದ್ದಿ ತೀಡಿ ಮಾಡಿದ ಬಂದೂಕನ್ನು ಸೇನೆ 1936ರಲ್ಲಿ ಅಂಗೀಕರಿಸಿತು. ಒಂದೊಂದು ಗುಂಡಿಗೂ ಕೈಯಿಂದ ಚಿಲಕ ಎಳೆಯುವ ಬಂದೂಕುಗಳೇ ಸೈನಿಕರ ಹೆಗಲ ಮೇಲಿದ್ದ ಕಾಲದಲ್ಲಿ, ಟ್ರಿಗರ್ ಒತ್ತಿದಷ್ಟು ಸಲವೂ ತಾನೇ ಹೊಸ ತೋಟೆಯನ್ನು ಎಳೆದುಕೊಳ್ಳುವ ಬಂದೂಕು ಇದು. ಎರಡನೆಯ ಮಹಾಯುದ್ಧ, ಕೊರಿಯಾ ಯುದ್ಧ ಎರಡರಲ್ಲೂ ನಡೆದು, ಐವತ್ತು ಲಕ್ಷಕ್ಕೂ ಮಿಕ್ಕಿ ತಯಾರಾಯಿತು. ತನ್ನ ಪೇಟೆಂಟ್ ಹಕ್ಕುಗಳನ್ನು ಗ್ಯಾರಂಡ್ ಸರ್ಕಾರಕ್ಕೇ ಬಿಟ್ಟುಕೊಟ್ಟ. ಅವನಿಗೆ ಒಂದು ಲಕ್ಷ ಡಾಲರ್ ಕೊಡಬೇಕೆಂಬ ಮಸೂದೆ ಅಲ್ಲಿಯ ಸಂಸತ್ತಿಗೆ ಬಂತಾದರೂ ಅಂಗೀಕಾರವಾಗಲಿಲ್ಲ. ಸಂಬಳದಲ್ಲೇ ನಿವೃತ್ತನಾಗಿ 1974ರಲ್ಲಿ ತೀರಿಕೊಂಡ. ಮೇಷ್ಟ್ರುಗಳಿಗೆ ಇಂಥ ಕತೆ ಹೊಸದೇನಲ್ಲ.

ಈಗ ಆ ಬಂದೂಕು ಸೇನೆಯಿಂದ ಹಿಂದೆ ಸರಿದು ಬಹಳ ಕಾಲವಾಯಿತು. ಒಹಾಯೊದಲ್ಲೇ, ಈರಿ ಸರೋವರದ ದಂಡೆಯ ಕ್ಯಾಂಪ್ ಪೆರಿ ಎಂಬಲ್ಲಿ 1907ರಿಂದ ಗುರಿಯ ಪಂದ್ಯಗಳು ನಡೆಯುತ್ತ ಬಂದಿವೆ. ಗ್ಯಾರಂಡ್ ಹೆಸರಿನದೇ ಒಂದು ಪಂದ್ಯ ಅಲ್ಲುಂಟು. ಇನ್ನೂರು ಗಜ ದೂರದ ಕಾಗದಕ್ಕೆ ಗುಂಡು ಹೊಡೆಯಬೇಕು. ಸೋದರಳಿಯನ ಗುರಿಯೂ ಕಾಗದವೇ, ಪ್ರಾಣಿಯಲ್ಲ. ಅಕ್ಕ ಇದನ್ನು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡಳು.

ಇನ್ನು ಕೆಲಸದ ವಿಷಯ. ಮೇಜಿನ ಕೆಳಗೆ ಒಂದು ಬಕೆಟ್ಟು ತುಂಬ ಬಳಸಿದ ಕೊಳವೆಗಳು. ಒಂದನ್ನು ನನ್ನ ಅಂಗೈಯಲ್ಲಿಟ್ಟು ಬುಡವನ್ನು ತೋರಿಸಿದ. 'ಎಲ್.ಸಿ. 69' ಎಂದು ಒತ್ತಿತ್ತು. ಮಿಸೌರಿ ರಾಜ್ಯದ ಲೇಕ್ ಸಿಟಿ ಕಾರ್ಖಾನೆಯಲ್ಲಿ 1969ರಲ್ಲಿ ಮಾಡಿದ್ದು. ಅವನಿಗಿಂತ ಹಿರಿಯ ಕೊಳವೆ. ಈ ಬಗೆಯ ತೋಟೆಯ ಹೆಸರು 'ಥರ್ಟಿ ಆಟ್ ಸಿಕ್ಸ್'. ಗುಂಡಿನ ಅಳತೆ ಇಂಚಿನ ನೂರರಲ್ಲಿ ಮೂವತ್ತು ಪಾಲು, ಸೇನೆ ಅಂಗೀಕರಿಸಿದ್ದು 1906ರಲ್ಲಿ, ಅದರಿಂದ ಆ ಹೆಸರು.

ಮಸಿ ಹಿಡಿದ ಕೊಳವೆಗಳನ್ನು ಮೊದಲು ತಿರುಗುವ ಡಬ್ಬಿಯೊಂದರಲ್ಲಿ ಹಾಕಿ ಉಜ್ಜುತ್ತಾರೆ. ಉಜ್ಜುವುದು ಯಾವುದರಿಂದ ಎಂದು ಇಣುಕಿದರೆ, ನುಚ್ಚುಮಾಡಿದ ಮೆಕ್ಕೆಜೋಳದ ಬೆಂಡು! ನಮ್ಮಲ್ಲಿ ಒಲೆಗೆ ಹಾಕುವುದನ್ನು ಅಲ್ಲಿ ಚೀಲದಲ್ಲಿ ತುಂಬಿ ಮಾರುತ್ತಾರೆ. ಹಾರಿಸಿದ ಕೊಳವೆ ಬಂದೂಕಿನ ಗೂಡಿನೊಳಗೆ ಉಬ್ಬಿ ದಪ್ಪವಾಗಿರುತ್ತದೆ. ಅದಕ್ಕೆ ಮೇಣದಂಥ ಜಿಡ್ಡು ಸವರಿ ಉಕ್ಕಿನ ಅಚ್ಚಿನೊಳಗೆ ಒತ್ತಿ ಹಳೆಯ ಅಳತೆಗೆ ತರಬೇಕು. ಜಿಡ್ಡು ಕಡಿಮೆಯಾದರೆ ಕೊಳವೆ ಅಚ್ಚಿನಲ್ಲೇ ಕಚ್ಚಿಕೊಂಡು ಕೂರುತ್ತದೆ. ಅದೇ ಒತ್ತಿನಲ್ಲಿ ಹಳೆಯ ಕೇಪೂ ಕಳಚಿ ಬೀಳುತ್ತದೆ. ಪ್ರತಿ ಸಲ ಹಾರಿಸಿ ಒತ್ತಿದಾಗಲೂ ಹಿತ್ತಾಳೆ ಉದ್ದಕ್ಕೆ ಹರಿಯುತ್ತದೆ. ಹೆಚ್ಚಾದ ಕತ್ತನ್ನು ಕೊರೆದು ತೆಗೆಯಬೇಕು. ಉದ್ದವಾಯಿತೆಂದರೆ ಎಲ್ಲೋ ತೆಳುವಾಯಿತೆಂದೇ ಅರ್ಥವಲ್ಲವೆ? ತೆಳುವಾಗುವುದು ಬುಡದಿಂದ ತುಸು ಮೇಲೆ, ಒಳಗೋಡೆಯಲ್ಲಿ. ಕಣ್ಣಿಗೆ ಕಾಣದು. ಅದಕ್ಕಾಗಿ ಅವನು ಒಂದು ತಂತಿಯ ತುದಿಯನ್ನು ಕೊಕ್ಕೆಯಂತೆ ಬಾಗಿಸಿ ಚೂಪು ಮಾಡಿಟ್ಟುಕೊಂಡಿದ್ದಾನೆ. ಕೊಳವೆಯೊಳಗೆ ಇಳಿಸಿ ಗೋಡೆಗೆ ತಾಗಿಸಿ ಮೇಲಕ್ಕೆ ಎಳೆಯುತ್ತಾನೆ. ತಂತಿ ಎಲ್ಲಾದರೂ ತಡೆದಂತಾದರೆ ಒಳಗೆ ಗೀರು ಬಿದ್ದಿದೆ ಎಂದು ಲೆಕ್ಕ. ಆ ಕೊಳವೆಯನ್ನು ಇಕ್ಕಳದಿಂದ ಜಜ್ಜಿ ಗುಜರಿಗೆ ಎಸೆಯುತ್ತಾನೆ. ಜಜ್ಜದೆ ಎಸೆದರೆ ಇನ್ನಾರಾದರೂ ಎತ್ತಿಕೊಂಡಾರು ಎಂಬ ಯೋಚನೆ. ಗ್ಯಾರಂಡ್ ಕೊಳವೆಯನ್ನು ಒರಟಾಗಿ ಎಳೆದು ಆಚೆಗೆ ಎಸೆಯುವ ಬಂದೂಕು. ಆದ್ದರಿಂದ ಐದು ಸಲ ತುಂಬಿದ ಕೊಳವೆಯನ್ನು, ಗೀರು ಸಿಗಲಿ ಬಿಡಲಿ, ಅವನು ಇಟ್ಟುಕೊಳ್ಳುವುದಿಲ್ಲ.

ಮದ್ದಿನ ತೂಕಕ್ಕೆ ಅಲ್ಲಿ 'ಗ್ರೇನ್' ಎಂಬ ಅಳತೆ. ಗ್ರೇನ್ ಎಂದರೆ ಧಾನ್ಯದ ಕಾಳು. ಬಾರ್ಲಿ, ಗೋಧಿಯ ಕಾಳನ್ನಿಟ್ಟು ತೂಗುತ್ತಿದ್ದ ಕಾಲದ ಹೆಸರು. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿ ಸುಮಾರು 120 ಮಿಲಿಗ್ರಾಂ ತೂಗುವುದರಿಂದ ಎರಡು ಗ್ರೇನಿಗೆ ಒಂದು ಗುಲಗಂಜಿ ಎಂದಿಟ್ಟುಕೊಳ್ಳಬಹುದು. ಅವನ ತಕ್ಕಡಿ ಗ್ರೇನಿನ ಹತ್ತನೆಯ ಒಂದು ಪಾಲನ್ನು ತೋರಿಸುತ್ತದೆ. ಅಂದರೆ ಗುಲಗಂಜಿಯನ್ನು ಇಪ್ಪತ್ತು ಚೂರು ಮಾಡಿದರೆ ಅದರಲ್ಲೊಂದು ಚೂರಿನಷ್ಟು. ಫ್ಯಾನು ಹಾಕಿದರೆ ಮುಳ್ಳು ಅಲುಗುತ್ತದೆ, ಹತ್ತಿರ ನಿಂತು ಉಸಿರು ಬಿಟ್ಟರೂ ಅಲುಗುತ್ತದೆ. ಒಂದು ತೋಟೆಗೆ ಎಷ್ಟು ಮದ್ದು ಎಂದು ನಾನು ಕೇಳಿದ್ದೆ. "ಅದನ್ನು ಬಾಯಲ್ಲಿ ಹೇಳುವ ರೂಢಿಯಿಲ್ಲ ಮಾವ. ಮದ್ದು ಮಾಡುವವರು ಪರೀಕ್ಷಿಸಿ ಅಚ್ಚುಹಾಕಿಸಿದ ಪುಸ್ತಕವನ್ನು ತೆರೆದು ನೋಡಬೇಕು. ನಾನೂ ಪ್ರತಿ ಸಲ ತೆರೆದು ನೋಡುತ್ತೇನೆ, ಬಾಯಿಗೆ ಬಂದರೂ" ಎಂದ. ಮಗ್ಗಿಯನ್ನು ಬಾಯಿಗೆ ಬರಿಸುವುದೇ ಜೀವನವಾದ ನನಗೆ ಇದು ಹೊಸ ಪಾಠ.

ಅಕ್ಕನ ಶಾವಿಗೆಯ ಮಾತಿಗೆ ಇಲ್ಲೊಂದು ಉತ್ತರವಿತ್ತು. ಬ್ರಿಟಿಷರ ಕಾಲದ ತ್ರೀ ನಾಟ್ ತ್ರೀ ಬಂದೂಕಿನ ತೋಟೆಯಲ್ಲಿ ಇರುತ್ತಿದ್ದ ಕಾರ್ಡೈಟ್ ಎಂಬ ಮದ್ದು ನಿಜವಾಗಿಯೂ ಶಾವಿಗೆಯೇ. ನೈಟ್ರೋಗ್ಲಿಸರಿನ್ ಮತ್ತು ಆಮ್ಲದಲ್ಲಿ ಹದಮಾಡಿದ ಹತ್ತಿಯನ್ನು ಕಲಸಿ, ಕಣಕ ಮಾಡಿ, ತೂತಿನ ಮೂಲಕ ಎಳೆಎಳೆಯಾಗಿ ಒತ್ತಿ ತೆಗೆಯುತ್ತಿದ್ದರು. ಆ ಎಳೆಗಳ ಕಟ್ಟನ್ನು ಕೊಳವೆಗೆ ಇಳಿಸಿದ ಬಳಿಕವೇ ಕೊಳವೆಯ ಕತ್ತನ್ನು ಕಿರಿದುಗೊಳಿಸುತ್ತಿದ್ದುದರಿಂದ ಅದು ಕಾರ್ಖಾನೆಯ ಕೆಲಸವೇ ಹೊರತು ಮನೆಯ ಮೇಜಿನದಲ್ಲ. ಆ ಮದ್ದಿನ ಕಾರ್ಖಾನೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎದ್ದದ್ದು ನಮ್ಮ ನೆರೆಯ ನೀಲಗಿರಿಯ ಅರವಂಕಾಡಿನಲ್ಲಿ. ಊಟಿಗೆ ಹೋಗುವ ಪುಟ್ಟ ರೈಲಿನಲ್ಲಿ ಕುಳಿತ ನಮ್ಮವರೆಷ್ಟೋ ಮಂದಿ ಆ ನಿಲ್ದಾಣವನ್ನು ದಾಟಿದ್ದಾರೆ. "ಅಲ್ಲಿ ಒತ್ತುತ್ತಿದ್ದುದು ಇಂಥ ಶಾವಿಗೆಯೇ?" ಎಂದು ಅಕ್ಕ ಬೆರಗಾದಳು. ಸೋದರಳಿಯ ಬಳಸುವ ಮದ್ದೂ ಒತ್ತಿ ತೆಗೆದದ್ದೇ, ಆದರೆ ಸಾಸಿವೆಯಷ್ಟು ಚಿಕ್ಕದಾಗಿ ಕತ್ತರಿಸಿದ್ದು. ಅದರ ಹೆಸರು ಬರಿಯ ಅಂಕಿ: 4895. ಗ್ಯಾರಂಡ್ ಬಂದೂಕಿನ ತೋಟೆಗೆಂದೇ ಮಾಡಿದ ಮದ್ದು. ಯುದ್ಧ ಮುಗಿದಮೇಲೆ ಮಿಕ್ಕಿದ್ದ ರಾಶಿಯನ್ನು ಕ್ಯಾನ್ಸಸ್ ರಾಜ್ಯದ ಬ್ರೂಸ್ ಹಾಜ್ಡನ್ ಎಂಬವನು ಸರ್ಕಾರದಿಂದ ಕೊಂಡು ಹವ್ಯಾಸಿಗಳಿಗೆ ಮಾರಿದ. ಮನೆಯಲ್ಲಿ ತೋಟೆ ಕಟ್ಟುವ ರೂಢಿ ಅಲ್ಲಿ ಹಬ್ಬಿದ್ದಕ್ಕೆ ಅದೂ ಒಂದು ಕಾರಣ.

ಬೇರೆ ಮದ್ದು ಏಕಾಗದು ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ನನಗೆ ಬಹಳ ಹಿಡಿಸಿತು. ಈ ಬಂದೂಕಿನ ನಳಿಗೆಯ ತುದಿಯ ಹತ್ತಿರ, ಕೆಳಭಾಗದಲ್ಲಿ, ಒಂದು ಸಣ್ಣ ತೂತು ಇದೆ. ಗುಂಡು ಅದನ್ನು ದಾಟಿದ ಕೂಡಲೇ ಹಿಂದೆ ಬರುತ್ತಿರುವ ಬಿಸಿ ಹೊಗೆಯ ಒಂದು ಪಾಲು ಆ ತೂತಿನಿಂದ ಇಳಿದು ಉದ್ದನೆಯ ಉಕ್ಕಿನ ಸರಳೊಂದನ್ನು ಹಿಂದಕ್ಕೆ ತಳ್ಳುತ್ತದೆ. ಸರಳು ಚಿಲಕವನ್ನು ತೆರೆದು ಖಾಲಿ ಕೊಳವೆಯನ್ನು ಹೊರಗೆಸೆಯುತ್ತದೆ. ಸ್ಪ್ರಿಂಗು ಅದನ್ನು ಮರಳಿ ಮುಂದಕ್ಕೆ ನೂಕಿ ಹೊಸ ತೋಟೆಯನ್ನು ಗೂಡಿಗೆ ಸೇರಿಸುತ್ತದೆ. ಎಲ್ಲವೂ ಆ ಸರಳಿನ ಮೇಲೆ. ಈಗ ಒಲೆಯನ್ನು ನೆನೆಯಿರಿ. ತೆಂಗಿನ ಗರಿ ಭಗ್ಗೆಂದು ಉರಿದು ತಣ್ಣಗಾಗುತ್ತದೆ. ಹುಣಸೆ ಕೊರಡು ನಿಧಾನವಾಗಿ ಹಿಡಿದು ಕೊನೆಯವರೆಗೂ ಕಾವು ಕೊಡುತ್ತದೆ. ಮದ್ದಿನಲ್ಲೂ ಈ ಭೇದಗಳುಂಟು. ಹುಣಸೆ ಕೊರಡಿನಂಥ ಮದ್ದನ್ನು ಹಾಕಿದರೆ, ಗುಂಡು ತುದಿಯ ತೂತನ್ನು ತಲುಪುವಾಗಲೂ ಒತ್ತಡ ತಗ್ಗಿರುವುದಿಲ್ಲ. ತೂತಿನಿಂದ ನುಗ್ಗುವ ರಭಸಕ್ಕೆ ಸರಳು ಹೊಡೆತ ತಿಂದು ಬಾಗುತ್ತದೆ. ಗುಂಡು ತೀರ ಭಾರವಾದರೂ ಹಾಗೆಯೇ. ಜೋರು ಮದ್ದಿಗೆ ಬಂದೂಕು ಕೆಡುವುದೆಂದು ನಾನು ತಿಳಿದಿದ್ದೆ. ಈ ಮುದಿ ಬಂದೂಕನ್ನು ಕೆಡಿಸುವುದು ನಿಧಾನದ ಮದ್ದು! ರಭಸವನ್ನು ಹೊರಬಿಡಲು ತಿರುಪಿರುವ ಮುಚ್ಚಳಗಳು ಈಚೆಗೆ ಸಿಗುತ್ತವಂತೆ. ಅವನು ಹಾಕಿಸಿಕೊಂಡಿಲ್ಲ. "ಅಜ್ಜನಿಗೆ ಒಗ್ಗುವ ಊಟವನ್ನೇ ಬಡಿಸಿದರಾಯಿತು" ಎನ್ನುತ್ತಾನೆ.

ಒಂದು ಸಂಜೆ ಅವನು ಮದ್ದು ತುಂಬುತ್ತಿದ್ದ. ಐವತ್ತು ಕುಳಿಗಳ ಮರದ ಹಲಗೆಯಲ್ಲಿ ಕೊಳವೆಗಳು ಬಾಯಿ ಮೇಲೆ ಮಾಡಿ ನಿಂತಿದ್ದವು. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ. ಎರಡನೆಯದನ್ನು ಆ ಹೊತ್ತಿನಲ್ಲಿ ಕೋಣೆಯೊಳಕ್ಕೇ ತರುವಂತಿಲ್ಲ. ನಾನು ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದವನು, ಸುಮ್ಮನಿರಲಾರದೆ ಊರಿನ ಪಾಲುಪಟ್ಟಿಯ ತಕರಾರೊಂದನ್ನು ತೆಗೆದೆ. ಅವನು ಒಂದೆರಡು ಮಾತಿಗೆ ಉತ್ತರಿಸಿದ. ಆಮೇಲೆ ಕೈ ನಿಲ್ಲಿಸಿ ಹಲಗೆಯನ್ನೇ ನೋಡುತ್ತ ನಿಂತ. ಬಳಿಕ ತುಂಬಿದ್ದ ಮೂವತ್ತಕ್ಕೂ ಮಿಕ್ಕಿದ ಕೊಳವೆಗಳನ್ನು ಒಂದೊಂದಾಗಿ ಎತ್ತಿ ಮದ್ದನ್ನೆಲ್ಲ ಡಬ್ಬಿಗೆ ಮರಳಿ ಸುರಿದು, ಮೊದಲಿನಿಂದ ಆರಂಭಿಸಿದ.

"ಇದೇನಪ್ಪ, ಯಾವುದು ತುಂಬಿದೆ ಯಾವುದು ಇಲ್ಲ ಎಂದು ಇಣುಕಿ ನೋಡಿದರೆ ತಿಳಿಯದೆ?" ಎಂದೆ. ನನ್ನ ದನಿಯಲ್ಲಿ ಹಳೆಯ ಮೇಷ್ಟ್ರ ಅಸಹನೆ ಇದ್ದಿರಬೇಕು.

"ತಿಳಿಯುತ್ತದೆ ಮಾವ. ಈ ಕೊಳವೆಯಲ್ಲಿ ಎರಡು ಪಾಲು ಹಿಡಿಯುವುದೂ ಇಲ್ಲ, ಚೆಲ್ಲಿಬಿಡುತ್ತದೆ. ಆದರೆ ಮಾತಿನ ನಡುವೆ ತೂಗಿದ್ದು ಸರಿಯಾಗಿಯೇ ತೂಗಿತ್ತೇ ಎಂದು ನನಗೆ ನೆನಪಿಲ್ಲ" ಎಂದ. ಒಂದು ಕೊಳವೆ ಬರಿದಾಗಿ ಉಳಿದರೆ ಏನಾಗುತ್ತದೆಂದೂ ವಿವರಿಸಿದ. ಕೇಪಿನ ಬಲವೊಂದೇ ಗುಂಡನ್ನು ನಳಿಗೆಯೊಳಕ್ಕೆ ನೂಕಿ ಅಲ್ಲಿಯೇ ಸಿಕ್ಕಿಸುತ್ತದೆ. ಹೊಡೆದವನು ಅದನ್ನು ಗಮನಿಸದೆ ಇನ್ನೊಂದು ಗುಂಡು ಹಾರಿಸಿದನೋ, ಮುಖದ ಮುಂದೆಯೇ ನಳಿಗೆ ಸಿಡಿಯುತ್ತದೆ.

ಹೀಗೆ ಹೇಳುತ್ತ, ತನಗೇ ಆದದ್ದೊಂದನ್ನು ಹೇಳಿದ. ನಾಲ್ಕು ವರ್ಷದ ಹಿಂದಿನ ಮಾತು. ಮರುದಿನ ಮಗಳ ಹುಟ್ಟುಹಬ್ಬ. ಬೆಳಿಗ್ಗೆ ಮೈದಾನಕ್ಕೆ ಹೋಗಿಬಂದು ಮಧ್ಯಾಹ್ನಕ್ಕೆ ಮನೆಯಲ್ಲಿರಬೇಕೆಂದು ರಾತ್ರಿ ಆತುರಾತುರವಾಗಿ ಅರವತ್ತನಾಲ್ಕು ತೋಟೆ ಕಟ್ಟಿದ. ಈ ಬಂದೂಕಿಗೆ ಎಂಟೆಂಟು ತೋಟೆಗಳನ್ನು ಒಂದು ತಗಡಿನ ಪಟ್ಟಿಯಲ್ಲಿ ಸೇರಿಸಿ ಮೇಲಿನಿಂದ ಒಟ್ಟಿಗೆ ಒತ್ತುತ್ತಾರೆ, ಎಂಟು ಪಟ್ಟಿಗಳು. ಬೆಳಿಗ್ಗೆ ಮಗಳೂ ಹಟಮಾಡಿ ಜೊತೆಗೆ ಹೋದಳು. ಹನ್ನೆರಡು ವರ್ಷದ ಹುಡುಗಿ, ಕಿವಿಗೆ ಮುಚ್ಚಳ ಹಾಕಿಕೊಂಡು ಹಿಂದೆ ನಿಂತಿದ್ದಳು. ಅವನು ಮೊದಲ ಪಟ್ಟಿಯನ್ನು ಒತ್ತಿ ಹೆಬ್ಬೆರಳನ್ನು ಹಿಂದೆಗೆದುಕೊಂಡ. ಹಿಂದೆಗೆಯದಿದ್ದರೆ ಚಿಲಕ ಮುಚ್ಚುವಾಗ ಬೆರಳನ್ನು ಜಜ್ಜುತ್ತದೆ. ಗ್ಯಾರಂಡ್ ಹಿಡಿದವರಿಗೆಲ್ಲ ಒಮ್ಮೆಯಾದರೂ ಆದ ಅನುಭವವಂತೆ. ಚಿಲಕ ಮುಂದಕ್ಕೆ ಹೋಗಿ ಮುಚ್ಚಿಕೊಂಡಿತು. ಅದೇ ಕ್ಷಣ ಗುಂಡು ಹಾರಿತು. ಟ್ರಿಗರನ್ನು ಅವನು ಮುಟ್ಟಿರಲೇ ಇಲ್ಲ.

ಕಾರಣ ಇಷ್ಟೇ. ಈ ಬಂದೂಕಿನಲ್ಲಿ ಕೇಪಿಗೆ ಬಡಿಯುವ ಸೂಜಿಗೆ ಹಿಡಿದಿಡುವ ಸ್ಪ್ರಿಂಗು ಇಲ್ಲ, ಸಡಿಲವಾಗಿ ಆಡುತ್ತಿರುತ್ತದೆ. ಚಿಲಕ ರಭಸದಿಂದ ಮುಚ್ಚುವಾಗ ಅದೂ ತುಸು ಮುಂದಕ್ಕೆ ಚಿಮ್ಮಿ ಕೇಪಿಗೆ ಮೆಲ್ಲನೆ ತಾಗುತ್ತದೆ. ಹಾರಿಸದೆ ಹೊರತೆಗೆದ ತೋಟೆಯ ಕೇಪಿನ ಮೇಲೂ ಸೂಜಿಯ ಸಣ್ಣ ಗುರುತು ಇರುವುದನ್ನು ಅವನು ನನಗೆ ತೋರಿಸಿದ. ಸೇನೆಯ ಕೇಪು ಗಡಸು, ಇಂಥ ತಟ್ಟುವಿಕೆಯನ್ನು ತಾಳಿಕೊಳ್ಳುತ್ತದೆ. ಮೆದು ಕೇಪಾದರೆ, ಅಥವಾ ಕೇಪು ತನ್ನ ಕುಳಿಯಲ್ಲಿ ಪೂರ್ತಿ ಕೂರದೆ ಕೂದಲೆಳೆಯಷ್ಟು ಮೇಲೆದ್ದಿದ್ದರೆ, ತಟ್ಟುವುದೇ ಸಾಕು. ಹಳೆಯ ಸೇನೆಯ ಕೊಳವೆಗಳಲ್ಲಿ ಕೇಪು ಜಾರದಂತೆ ಕುಳಿಯ ಅಂಚನ್ನು ಒಳಕ್ಕೆ ಮಡಿಸಿರುತ್ತಾರೆ. ಆ ಮಡಿಕೆಯನ್ನು ಕೊರೆದು ತೆಗೆಯದಿದ್ದರೆ ಹೊಸ ಕೇಪು ಕೊನೆಯವರೆಗೆ ಇಳಿಯದು. ಅಂದು ರಾತ್ರಿ ಕೆಲವು ಕೊಳವೆಗಳಲ್ಲಿ ಅದನ್ನು ಅವನು ಅರೆಬರೆ ತೆಗೆದಿದ್ದ. ಚಿಲಕ ಪೂರ್ತಿ ಬಿಗಿದ ಮೇಲೆ ಹಾರಿದ್ದು ಅದೃಷ್ಟ. ಬಿಗಿಯುವ ಮುನ್ನ ಹಾರಿದ್ದರೆ ಹಿತ್ತಾಳೆ ಒಡೆದು ಉರಿ ಹಿಂದಕ್ಕೆ ಬರುತ್ತಿತ್ತು. ನಳಿಗೆ ಮಣ್ಣಿನ ದಿಬ್ಬದ ಕಡೆಗಿತ್ತು. ಗುಂಡು ದಿಬ್ಬದಲ್ಲಿ ಹೂತುಹೋಯಿತು. ಯಾರಿಗೂ ಏನೂ ಆಗಲಿಲ್ಲ. ಅವನು ಬಂದೂಕನ್ನು ಬರಿದುಮಾಡಿ, ಮಗಳ ಕೈಹಿಡಿದು ಮನೆಗೆ ಹೊರಟುಬಂದ.

ಉಳಿದ ಅರವತ್ತಮೂರನ್ನೂ ಆ ವಾರದಲ್ಲಿ ಬಿಚ್ಚಿದನಂತೆ. ಬಿಚ್ಚಲು ಒಂದು ಪೊಳ್ಳು ಸುತ್ತಿಗೆ ಇದೆ. ತೋಟೆಯನ್ನು ಅದರೊಳಗೆ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದರೆ ಗುಂಡು ಕಳಚಿ ಬೀಳುತ್ತದೆ. ಒಂದೊಂದಕ್ಕೂ ನಾಲ್ಕಾರು ಪೆಟ್ಟು. ಮೇಲೆದ್ದ ಕೇಪು ಇನ್ನೂ ಎರಡು ಸಿಕ್ಕಿದವು. ಅಂದಿನಿಂದ ಕೇಪು ಕೂರಿಸಿದ ಪ್ರತಿಯೊಂದು ಕೊಳವೆಯ ಬುಡದ ಮೇಲೂ ಎರಡು ಸಲ ಬೆರಳಾಡಿಸಿ ನೋಡಲಾಗುತ್ತದೆ. ಒಮ್ಮೆ ಅವನು, ಇನ್ನೊಮ್ಮೆ ಆ ಹುಡುಗಿ. ಅವಳು ತಪ್ಪು ಹಿಡಿದರೆ ಅಪ್ಪ ಅಂದಿನ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕೆಂಬುದು ಅವರೊಳಗಿನ ಕರಾರು.

ಮಾತು ಇಲ್ಲಿಗೆ ಬಂದಾಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಕ್ಕ ಒಳಬಂದಳು. ಮಗನನ್ನು ಬೈಯಬಹುದೆಂದು ಎಣಿಸಿದೆ. ಅವಳು ನನ್ನ ಕಡೆಗೆ ತಿರುಗಿ, "ನಿಧಾನವಾಗಿದ್ದಷ್ಟು ದಿನ ಇವನಿಗೆ ಏನೂ ಆಗಲಿಲ್ಲ ನೋಡು. ನೀನೇ ಅಲ್ಲವೇನೋ ತಮ್ಮ ಇವನಿಗೆ ಆಮೆ ಅಂತ ಹೆಸರಿಟ್ಟದ್ದು?" ಎಂದಳು.

ಹೌದು, ನಾನೇ. ನಾಲ್ಕನೆಯ ತರಗತಿಯ ಗಣಿತದ ಪರೀಕ್ಷೆಯಲ್ಲಿ ಹತ್ತು ಲೆಕ್ಕ ಕೊಟ್ಟಿದ್ದೆ. ಇವನು ಮಾಡಿದ್ದು ಆರು, ಆರೂ ಸರಿ. ಪ್ರತಿ ಲೆಕ್ಕವನ್ನೂ ಬರೆದಮೇಲೆ ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಕೂಡಿ ನೋಡುವುದು ಅವನ ಸ್ವಭಾವ. ಇನ್ನೊಬ್ಬ ಹುಡುಗ ಹತ್ತನ್ನೂ ಮಾಡಿ ಮೂರನ್ನು ತಪ್ಪಿದ್ದ. ಅವನಿಗೆ ಎಪ್ಪತ್ತು, ಇವನಿಗೆ ಅರವತ್ತು. ಎಪ್ಪತ್ತರವನ ಬೆನ್ನು ತಟ್ಟಿ, ಇವನನ್ನು ನಿಲ್ಲಿಸಿ, 'ಆಮೆ, ನೀನು ಯಾವಾಗಯ್ಯ ದಡ ಸೇರುವುದು?' ಎಂದು ಕೇಳಿದೆ. ತರಗತಿ ನಕ್ಕಿತು. ಆ ಹೆಸರು ಅವನು ಊರು ಬಿಟ್ಟು ಮೈಸೂರಿಗೆ ಓದಲು ಹೋಗುವವರೆಗೂ ಅಂಟಿಕೊಂಡಿತ್ತು. ಪ್ರಗತಿ ಪತ್ರದಲ್ಲಿ 'ಬುದ್ಧಿಯುಂಟು, ವೇಗ ಸಾಲದು' ಎಂದು ಬರೆದು ಸಹಿ ಹಾಕಿದ ನೆನಪೂ ಇದೆ. ತರಬೇತಿಯಲ್ಲಿ ನಮಗೆ ಮಗುವಿನ ಮನಸ್ಸಿನ ವಿಷಯ ಬೇಕಾದಷ್ಟು ಹೇಳಿಕೊಟ್ಟಿದ್ದರು. ಗಡಿಯಾರವನ್ನು ಮೇಜಿನ ಮೇಲಿಟ್ಟು ಪರೀಕ್ಷೆ ನಡೆಸುವುದನ್ನೂ ಅವರೇ ಹೇಳಿಕೊಟ್ಟಿದ್ದರು.

ಸೋದರಳಿಯ, "ಬಿಡಮ್ಮ, ಅದೆಲ್ಲ ಯಾವ ಕಾಲದ್ದು" ಎಂದು ನಕ್ಕು ತಕ್ಕಡಿಯ ಕಡೆ ತಿರುಗಿದ. ನನಗೆ ಹೇಳಲು ಏನೂ ತೋಚಲಿಲ್ಲ. ಸ್ಟೂಲನ್ನು ಗೋಡೆಯ ಬಳಿಗೆ ಸರಿಸಿ, ಅವನು ಐವತ್ತನ್ನೂ ತುಂಬಿ, ಟಾರ್ಚು ಹಿಡಿದು ಒಂದೊಂದರ ಬಾಯೊಳಗೂ ಇಣುಕಿ ನೋಡಿ, ಗುಂಡು ಕೂರಿಸುವವರೆಗೂ ತುಟಿ ಬಿಚ್ಚದೆ ಕುಳಿತಿದ್ದೆ. ಎರಡು ಗಂಟೆ ಹಿಡಿಯಿತು.

ಮುಂದಿನ ಶನಿವಾರ ಮೈದಾನಕ್ಕೆ ಹೋಗುವ ದಾರಿಯಲ್ಲಿ, ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟೆ. 2022ರ ಮೇ ತಿಂಗಳಲ್ಲಿ ಟೆಕ್ಸಾಸಿನ ಯುವಾಲ್ಡಿ ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ ಹತ್ತೊಂಬತ್ತು ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಗುಂಡಿಟ್ಟು ಕೊಂದ ಸುದ್ದಿಯನ್ನು ನಮ್ಮ ಶಾಲೆಯ ಜಗಲಿಯಲ್ಲಿ ಕುಳಿತು ಓದಿದವನು ನಾನು. ಅಂಥ ನಾಡಿನಲ್ಲಿ ನೀನೂ ಬಂದೂಕು ಹಿಡಿಯಬೇಕೆ ಎಂದೆ. ಅವನು ಬಹಳ ಹೊತ್ತು ಕಾರು ನಡೆಸಿದ ಮೇಲೆ, "ಅದಕ್ಕೆ ನನ್ನಲ್ಲಿ ಉತ್ತರವಿಲ್ಲ ಮಾವ. ಕೈಗೆ ಸಿಗದಂತೆ ಉಕ್ಕಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಡುತ್ತೇನೆ, ತೋಟೆಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ನನ್ನ ಕೈಯಲ್ಲಿರುವುದು ಅಷ್ಟು" ಎಂದ. ಆ ಉತ್ತರ ನನಗೆ ಸಾಲಲಿಲ್ಲ. ಅವನಿಗೂ ಸಾಲದೆಂದು ಕಂಡಿತು. ಬಂದೂಕಿನ ಬಗ್ಗೆ ನನ್ನ ಅಭಿಪ್ರಾಯ ಹೋಗುವಾಗ ಇದ್ದಂತೆಯೇ ಬರುವಾಗಲೂ ಇತ್ತು. ಅದನ್ನು ಬದಲಿಸಬೇಕೆಂದು ಅವನೂ ಯತ್ನಿಸಲಿಲ್ಲ.

ಮೈದಾನದಲ್ಲಿ ನಾನು ಹಿಂದಿನ ಬೆಂಚಿನ ಮೇಲೆ ಕಿವಿಗೆ ಮುಚ್ಚಳ ಹಾಕಿ ಕುಳಿತೆ. ಎಂಟನೆಯ ಗುಂಡು ಹಾರಿದೊಡನೆ ಖಾಲಿ ತಗಡಿನ ಪಟ್ಟಿ 'ಟಿಂಗ್' ಎಂದು ದೇವರ ಮನೆಯ ಗಂಟೆಯಂತೆ ಸದ್ದುಮಾಡಿ ಮೇಲಕ್ಕೆ ಹಾರುತ್ತದೆ. ಮುಚ್ಚಳದೊಳಗೂ ಅದು ಕೇಳಿಸಿತು. ಇನ್ನೂರು ಗಜದಾಚೆಯ ಕಾಗದದಲ್ಲಿ ಹೆಚ್ಚಿನವು ಕಪ್ಪು ವೃತ್ತದೊಳಗೇ ಬಿದ್ದಿದ್ದವು. ಎರಡು ಮಾತ್ರ ಬಲಕ್ಕೆ ಸರಿದಿದ್ದವು. ಮದ್ದಿನ ತಪ್ಪಲ್ಲ, ತನ್ನ ಉಸಿರಿನ ತಪ್ಪು ಎಂದ. ಹುಲ್ಲಿನ ಮೇಲೆ ಚೆದುರಿದ ಕೊಳವೆಗಳನ್ನು ಹೆಕ್ಕಲು ಅಪ್ಪ ಮಗಳೊಡನೆ ನಾನೂ ಬಗ್ಗಿದೆ. ಬಿಸಿಲಿಗೆ ಹಿತ್ತಾಳೆ ಹೊಳೆಯುತ್ತಿತ್ತು. ಊರಿನ ಮಕ್ಕಳಿಗೆ ತೋರಿಸೋಣವೆಂದು, ಅದೇ 'ಎಲ್.ಸಿ. 69' ಗುರುತಿನ ಒಂದು ಖಾಲಿ ಕೊಳವೆಯನ್ನು ಯಾರಿಗೂ ಹೇಳದೆ ಜುಬ್ಬಾದ ಜೇಬಿಗೆ ಸೇರಿಸಿದೆ. ವಿಮಾನ ನಿಲ್ದಾಣದ ತಪಾಸಣೆ, ನಮ್ಮ ದೇಶದ ಕಾಯಿದೆ ಯಾವುದೂ ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಅಂದು ರಾತ್ರಿ ಹತ್ತು ಗಂಟೆಯಾದರೂ ಕೊಟ್ಟಿಗೆಯಲ್ಲಿ ದೀಪವಿತ್ತು. ಹೋಗಿ ನೋಡಿದರೆ ಅವನು ನೆಲದ ಮೇಲೆ ಬಟ್ಟೆ ಹಾಸಿ, ಅಂದಿನ ಕೊಳವೆಗಳನ್ನು ಹತ್ತರ ಸಾಲುಗಳಲ್ಲಿ ಜೋಡಿಸಿ ಎಣಿಸುತ್ತಿದ್ದ. ನನ್ನನ್ನು ಕಂಡು ತಲೆಯೆತ್ತಿ, "ಒಂದು ಲೆಕ್ಕಕ್ಕೆ ಸಿಗುತ್ತಿಲ್ಲ ಮಾವ. ಮೂರು ಸಲ ಎಣಿಸಿದೆ" ಎಂದ. ನಾನು ಒಳಗೆ ಹೋಗಿ, ಗೂಟಕ್ಕೆ ನೇತುಹಾಕಿದ್ದ ಜುಬ್ಬಾವನ್ನು ತಂದು, ಜೇಬಿನಿಂದ ಅದನ್ನು ತ��ಗೆದು ಕೊನೆಯ ಸಾಲಿನ ತುದಿಯಲ್ಲಿಟ್ಟೆ.